ಫಾರ್ಮ್ಯಾಟ್ ಹೊಡೆಸಿದರೂ ಹೋಗದ ಕಾಟ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಇಲ್ಲಿನವರು ಮಕ್ಕಳ ಅಂಕದ ಜೊತೆಗೆ ಮಧುಗಿರಿ ಎಷ್ಟನೇ ಸ್ಥಾನಕ್ಕೆ ಬಂತು ಅಂತಲೂ ಹುಡುಕುತ್ತಾರೆ. ಸರ್ಕಾರದ ಜಾಲತಾಣ ಬೇಗ ತೆರೆಯದಿದ್ದರೆ ಗೂಗಲ್‌ನಲ್ಲಿ ಕಣ್ಣಿಗೆ ಬಿದ್ದ ಇನ್ಯಾವುದೋ ತಾಣಕ್ಕೆ ಕೈ ಹೋಗುತ್ತದೆ. ‘ಮುಂದುವರಿಯಲು ಅಲೋ ಒತ್ತಿ’ ಅನ್ನುತ್ತದೆ ಅದು. ಅವಸರದಲ್ಲಿ ಒತ್ತಿಬಿಡುತ್ತೇವೆ. ಆಮೇಲೆ ಶುರುವಾಗುತ್ತದೆ ನೋಡಿ, ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಕೆಂಪು ಚೀಟಿಗಳ ಕಾಟ.

ವೈರಸ್ ಬಂದೇಬಿಟ್ಟಿತು ಅನ್ನುವುದು ಮೊದಲನೆಯ ತಪ್ಪು ಕಲ್ಪನೆ. ಹೆಚ್ಚಿನ ಸಲ ಅಲ್ಲಿ ವೈರಸ್ಸೂ ಇಲ್ಲ, ಏನೂ ಇಲ್ಲ. ನೋಟಿಫಿಕೇಶನ್ ಕಳಿಸಲು ಆ ತಾಣಕ್ಕೆ ನಾವೇ ಅನುಮತಿ ಕೊಟ್ಟಿದ್ದೇವೆ, ಅದು ಜಾಹೀರಾತು ಕಳಿಸುತ್ತಿದೆ, ಅಷ್ಟೆ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿದರೆ ಮುಗಿಯಿತು. ಚೀಟಿಯಲ್ಲಿ ಕಾಣುವ ಫೋನ್ ನಂಬರಿಗೆ ಮಾತ್ರ ಕರೆ ಮಾಡಬೇಡಿ. ವೈರಸ್ ತೆಗೆಯುತ್ತೇವೆಂದು ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಸಿ ಖಾತೆಗೆ ಕೈ ಹಾಕುವವರು ಆ ತುದಿಯಲ್ಲಿರುತ್ತಾರೆ.

‘ಕೆಟ್ಟ ಸೈಟ್ ನೋಡುವವರಿಗೇ ಇದೆಲ್ಲ ಅಂಟುವುದು’ ಎಂಬ ಮಾತಂತೂ ಎಷ್ಟೋ ಮನೆಗಳಲ್ಲಿ ಹುಡುಗರಿಗೆ ಸುಮ್ಮನೆ ಬೈಗುಳ ತಂದಿದೆ. ಹೋಮ್‌ಪೇಜ್ ಬದಲಾಗುವುದು, ಹುಡುಕಿದ್ದೆಲ್ಲ ಬೇರೆ ಸರ್ಚ್ ತಾಣಕ್ಕೆ ಹಾರುವುದು, ಇವು ಬ್ರೌಸರ್ ಹೈಜಾಕರ್‌ಗಳ ಕೆಲಸ. ಇವು ತೀರಾ ಸಭ್ಯವಾದ ದಾರಿಯಿಂದಲೇ ಬರುತ್ತವೆ: ಉಚಿತ ಪಿಡಿಎಫ್ ಕನ್ವರ್ಟರ್, ವಿಡಿಯೊ ಪ್ಲೇಯರ್, ಕನ್ನಡ ಟೈಪಿಂಗ್ ತಂತ್ರಾಂಶ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಉಚಿತವಾಗಿಯೇ ಸಿಗುತ್ತದೆ. ಅದನ್ನು ಮೂಲ ತಾಣ ಬಿಟ್ಟು ಯಾವುದೋ ಡೌನ್‌ಲೋಡ್ ತಾಣದಿಂದ ಇಳಿಸಿಕೊಂಡರೆ ಜೊತೆಗೆ ಇನ್ನೇನು ಇಳಿಯುತ್ತದೋ ಹೇಳಲಾಗದು. ಆ ಪುಟದಲ್ಲಿ ಹಸಿರು ಬಣ್ಣದ ಡೌನ್‌ಲೋಡ್ ಗುಂಡಿಗಳು ಮೂರು ನಾಲ್ಕು ಇರುತ್ತವೆ, ಅಸಲಿ ಒಂದೇ. ಅದೂ ಸಿಕ್ಕಿತು ಅನ್ನಿ. ಇನ್‌ಸ್ಟಾಲ್ ಮಾಡುವಾಗ ‘ರೆಕಮೆಂಡೆಡ್’ ದಪ್ಪಕ್ಷರದಲ್ಲಿ, ‘ಕಸ್ಟಮ್’ ಮಸುಕಾಗಿ ಕಾಣುತ್ತದೆ. ಮಸುಕಾದದ್ದನ್ನೇ ಒತ್ತಿ ನೋಡಿ: ಸರ್ಚ್ ಬದಲಾಯಿಸು, ಟೂಲ್‌ಬಾರ್ ಹಾಕು ಎಂಬ ಚೌಕಗಳಲ್ಲಿ ಮೊದಲೇ ಟಿಕ್ ಬಿದ್ದಿರುತ್ತದೆ. ಓದದೆ ನೆಕ್ಸ್ಟ್, ನೆಕ್ಸ್ಟ್ ಒತ್ತಿದವರ ಒಪ್ಪಿಗೆಯೇ ಹೈಜಾಕರ್ ಹಬ್ಬಿಸುವವರ ಬಂಡವಾಳ.

2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ ‘ಫೈರ್‌ಬಾಲ್’ ಎಂಬ ಹೈಜಾಕರ್ ಬಗ್ಗೆ ವರದಿ ಕೊಟ್ಟಿತು. ಬೀಜಿಂಗಿನ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿ ಅದನ್ನು ಉಚಿತ ತಂತ್ರಾಂಶಗಳ ಜೊತೆ ಸೇರಿಸಿ ಹಬ್ಬಿಸಿತ್ತು ಎಂಬುದು ಆರೋಪ. ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರ್‌ಗಳಿಗೆ ಅಂಟಿದೆ, ಎಲ್ಲಕ್ಕಿಂತ ಹೆಚ್ಚು, ಅಂದರೆ 2.53 ಕೋಟಿ, ಭಾರತದಲ್ಲಿವೆ ಎಂದು ಚೆಕ್ ಪಾಯಿಂಟ್ ಅಂದಾಜು ಮಾಡಿತ್ತು. ಈ ಲೆಕ್ಕ ಉತ್ಪ್ರೇಕ್ಷೆ ಎಂದು ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಸಂಖ್ಯೆಯ ಜಗಳ ಏನೇ ಇರಲಿ, ಬಂದ ದಾರಿಯ ಬಗ್ಗೆ ಜಗಳವಿರಲಿಲ್ಲ.

ಇನ್ನು ನಮ್ಮ ಕಡೆಯ ಸರ್ವರೋಗ ನಿವಾರಕ: ‘ಫಾರ್ಮ್ಯಾಟ್ ಹೊಡೆಸಿಬಿಡಿ’. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಫೋಟೊ, ದಾಖಲೆ ಹೋದವು, ಕಾಟ ಹೋಯಿತೇ? ಕ್ರೋಮ್‌ಗೆ ಮತ್ತೆ ಲಾಗಿನ್ ಆದ ಕೂಡಲೆ ಸಿಂಕ್ ವ್ಯವಸ್ಥೆ ಹಳೆಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ವಾಪಸ್ ತಂದು ಕೂರಿಸಬಹುದು, ತುಂಟ ಎಕ್ಸ್‌ಟೆನ್ಷನ್ ಸಮೇತ. ಇನ್ನೂ ಕೆಟ್ಟದ್ದೊಂದಿದೆ. ಫಾರ್ಮ್ಯಾಟ್ ಮಾಡಿದವರು ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿ, ಅದನ್ನು ನಡೆಸಲು ‘ಆಕ್ಟಿವೇಟರ್’ ಹಾಕುತ್ತಾರೆ. ಅದು ಕೆಲಸ ಮಾಡಬೇಕಾದರೆ ಆಂಟಿವೈರಸ್ ಆಫ್ ಮಾಡಬೇಕು. ಇಂಥ ಆಕ್ಟಿವೇಟರ್‌ಗಳ ಜೊತೆ ಪಾಸ್‌ವರ್ಡ್ ಕದಿಯುವ ಸ್ಪೈವೇರ್ ಬಂದ ಉದಾಹರಣೆಗಳು ದಾಖಲಾಗಿವೆ. ಹೈಜಾಕರ್ ಬಿಡಿಸಲು ಹೋಗಿ ಗೂಢಚಾರನನ್ನು ಮನೆಗೆ ಕರೆಸಿದಂತಾಯಿತು.

ಮೊದಲು ಮಾಡಬೇಕಾದದ್ದು ಬೇರೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ತಂತ್ರಾಂಶಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಕಾಟ ಶುರುವಾದ ದಿನದ ಆಸುಪಾಸು ಬಂದ ಅಪರಿಚಿತರನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಎಕ್ಸ್‌ಟೆನ್ಷನ್ ಪಟ್ಟಿ ಸ್ವಚ್ಛ ಮಾಡಿ. ಡೆಸ್ಕ್‌ಟಾಪ್ ಮೇಲಿನ ಬ್ರೌಸರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಸಾಲು ಓದಿ: ಸಾಲಿನ ಕೊನೆಯಲ್ಲಿ ಯಾವುದಾದರೂ ವೆಬ್ ವಿಳಾಸ ಅಂಟಿಕೊಂಡಿದ್ದರೆ ಅದನ್ನು ಅಳಿಸಿ. ಎಷ್ಟು ಸಲ ಹೋಮ್‌ಪೇಜ್ ಸರಿಮಾಡಿದರೂ ಹಳೆಯ ಪುಟವೇ ಬರುವುದು ಅನೇಕ ಸಲ ಇದರಿಂದಲೇ. ಕೊನೆಗೆ ಬ್ರೌಸರ್ ರಿಸೆಟ್. ಕ್ರೋಮ್‌ನಲ್ಲಿ ಅದರಿಂದ ಬುಕ್‌ಮಾರ್ಕ್, ಪಾಸ್‌ವರ್ಡ್ ಅಳಿಯುವುದಿಲ್ಲ. ಇದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್ ಇದ್ದೇ ಇದೆ, ಅಸಲಿ ವಿಂಡೋಸ್‌ನೊಂದಿಗೆ.

ಎರಡೆರಡು ಆಂಟಿವೈರಸ್ ಹಾಕಿದರೆ ಭದ್ರತೆ ಇಮ್ಮಡಿಯಾಗುವುದಿಲ್ಲ. ಅವೇ ಪರಸ್ಪರ ಜಗಳವಾಡಿ ಕಂಪ್ಯೂಟರ್ ತೆವಳುತ್ತದೆ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ, ‘ಅನಪೇಕ್ಷಿತ ಆ್ಯಪ್ ತಡೆ’ ಆಯ್ಕೆ ಆನ್ ಆಗಿದೆಯೇ ನೋಡಿಕೊಳ್ಳಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸೋಂಕು ತೆಗೆಯುವ ಉಚಿತ ಸಾಧನಗಳಿವೆ. ಇನ್‌ಕಾಗ್ನಿಟೊ ಕಿಟಕಿ ಮಾತ್ರ ಹೈಜಾಕರ್, ಸ್ಪೈವೇರ್ ಯಾವುದನ್ನೂ ತಡೆಯುವುದಿಲ್ಲ.

‘ನಮ್ಮ ಕಂಪ್ಯೂಟರಲ್ಲಿ ಕದಿಯೋಕೆ ಏನಿದೆ?’ ಅನ್ನುವವರು ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ. ಹೈಜಾಕರ್ ಎದುರಿಗೆ ಕುಣಿಯುತ್ತದೆ. ಸ್ಪೈವೇರ್ ಸದ್ದಿಲ್ಲದೆ ಆ ಪಟ್ಟಿಯನ್ನು ಹೊತ್ತೊಯ್ಯುತ್ತದೆ. ಅನುಮಾನ ಬಂದರೆ ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರಿನಲ್ಲಿ ಕೂತು ಬದಲಾಯಿಸಬೇಡಿ, ಬೇರೆ ಸಾಧನದಿಂದ ಬದಲಾಯಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.