ಸೈನಿಕನ ಹೊರೆ ಒಂದೇ, ಎರಡಲ್ಲ

1860ರ ದಶಕದಲ್ಲಿ ಬ್ರಿಟಿಷ್ ಸೇನೆಯ ವೈದ್ಯರಿಗೆ ಒಂದು ಒಗಟು ಎದುರಾಯಿತು. ಗಟ್ಟಿಮುಟ್ಟಾದ ಯುವ ಸಿಪಾಯಿಗಳು ಎದೆನೋವು, ಏದುಸಿರು, ವಿಪರೀತ ಎದೆಬಡಿತ ಎಂದು ಆಸ್ಪತ್ರೆ ಸೇರುತ್ತಿದ್ದರು. ನೆಟ್ಲಿಯ ಸೇನಾ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ಮೆಕ್ಲೀನ್ ಇದಕ್ಕೆ ಬೆನ್ನುಚೀಲದ ಭಾರವನ್ನೂ ಎದೆಯನ್ನು ಬಿಗಿಯುವ ಅದರ ಪಟ್ಟಿಗಳನ್ನೂ ದೂರಿದರು. ಸೇನೆ ಚೀಲದ ವಿನ್ಯಾಸ ಬದಲಿಸಿತು. ಕಾಯಿಲೆ ಮಾತ್ರ ಹೋಗಲಿಲ್ಲ. ಅಮೆರಿಕದ ಅಂತರ್ಯುದ್ಧದ ಯೋಧರಲ್ಲಿ ಇದೇ ಲಕ್ಷಣಗಳನ್ನು ಕಂಡಿದ್ದ ವೈದ್ಯ ಡಾ ಕೋಸ್ಟಾ, 1871ರಲ್ಲಿ ಪ್ರಕಟಿಸಿದ ವರದಿಯಲ್ಲಿ ರಣರಂಗದ ದಣಿವು, ಜ್ವರ, ಭೇದಿಗಳನ್ನು ಕಾರಣವೆಂದು ಪಟ್ಟಿ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಅದೇ ದೂರು ಹೊತ್ತು ಬಂದರು. 1941ರಲ್ಲಿ ಲಂಡನ್ನಿನ ಹೃದ್ರೋಗ ತಜ್ಞ ಪಾಲ್ ವುಡ್ ಇದರ ಮೂಲ ಹೃದಯದಲ್ಲಿಲ್ಲ, ಆತಂಕದಲ್ಲಿದೆ ಎಂದು ತೀರ್ಮಾನಿಸಿದರು. ಎಂಟು ದಶಕಗಳಲ್ಲಿ ಆರೋಪ ಚೀಲದ ಪಟ್ಟಿಯಿಂದ ಮನಸ್ಸಿಗೆ ವರ್ಗವಾಯಿತು. ಆದರೆ ದೇಹವೋ ಮನಸ್ಸೋ ಎಂಬ ಆ ಪ್ರಶ್ನೆಯೇ ಸರಿಯಿರಲಿಲ್ಲ. ಬೆನ್ನ ಮೇಲಿನ ಭಾರ ಮತ್ತು ಎದೆಯೊಳಗಿನ ಭಯ ಒಂದೇ ನರಮಂಡಲವನ್ನು, ಒಂದೇ ಹೃದಯವನ್ನು, ಒಂದೇ ಶಕ್ತಿಸಂಗ್ರಹವನ್ನು ಬಳಸಿಕೊಳ್ಳುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಲೆಕ್ಕ ತಪ್ಪುತ್ತದೆ.

ಮೊದಲು ತೂಕಕ್ಕೆ ಸಿಗುವ ಭಾರವನ್ನು ನೋಡೋಣ. 1916ರ ಸೊಮ್ ಕದನದಲ್ಲಿ ಬ್ರಿಟಿಷ್ ಸಿಪಾಯಿಗಳು ಸುಮಾರು 30 ಕಿಲೋ ಹೊತ್ತು ಕಂದಕದಿಂದ ಮೇಲೆದ್ದರು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಮರೀನ್‌ಗಳು ಸುಮಾರು 36 ಕಿಲೋ ಹೊತ್ತು ಮೂರು ದಿನಗಳಲ್ಲಿ 90 ಕಿಲೋಮೀಟರ್ ನಡೆದರು. ಅಮೆರಿಕದ ಸೇನೆ 1990ರ ಕೈಪಿಡಿಯಲ್ಲಿ ಕಾದಾಟದ ಹೊರೆ 22 ಕಿಲೋ, ನಡಿಗೆಯ ಹೊರೆ 33 ಕಿಲೋ ಮೀರಬಾರದು ಎಂದು ಬರೆದುಕೊಂಡಿತ್ತು. 2003ರಲ್ಲಿ ಅಫ್ಘಾನಿಸ್ತಾನದಲ್ಲಿ ಅದೇ ಸೇನೆಯವರು ತಮ್ಮ ಯೋಧರನ್ನು ತೂಗಿ ನೋಡಿದಾಗ ಸರಾಸರಿ ಕ್ರಮವಾಗಿ 29 ಮತ್ತು 46 ಕಿಲೋ ಸಮೀಪದ ಅಂಕಿ ಸಿಕ್ಕಿತು. ಇಷ್ಟು ಭಾರ ಹೊತ್ತವನು ಮುಂದಕ್ಕೆ ಬಾಗಿ ನಡೆಯುತ್ತಾನೆ. ಮಂಡಿ, ಸೊಂಟ ಸವೆಯುತ್ತವೆ, ಪಾದದ ಎಲುಬುಗಳಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ, ಹೆಗಲಿನ ನರಗಳು ಅದುಮಿಹೋಗಿ ತೋಳು ಮರಗಟ್ಟುತ್ತದೆ. ಏರುದಾರಿಯಲ್ಲಂತೂ ಪ್ರತಿ ಕಿಲೋದ ಬೆಲೆ ಕಡಿದಾಗಿ ಏರುತ್ತದೆ. ಭಾರ ಎಲ್ಲಿದೆ ಎಂಬುದೂ ಮುಖ್ಯ: ಪಾದಕ್ಕೆ ಕಟ್ಟಿದ ಒಂದು ಕಿಲೋ, ಬೆನ್ನ ಮೇಲಿನ ನಾಲ್ಕೈದು ಕಿಲೋಗಳಷ್ಟು ಶಕ್ತಿ ಹೀರುತ್ತದೆ. ಸೈನಿಕನ ಬೂಟು ಬರೀ ಬೂಟಲ್ಲ.

ತೂಕಕ್ಕೆ ಸಿಗದ ಭಾರವೂ ಇದೇ ದೇಹದ ಮೇಲೆ ಬೀಳುತ್ತದೆ. ಎರಡನೇ ಮಹಾಯುದ್ಧದ ಇತಿಹಾಸಕಾರ ಎಸ್. ಎಲ್. ಎ. ಮಾರ್ಷಲ್, ನಾರ್ಮಂಡಿಯ ಒಮಾಹ ಕಡಲತೀರದಲ್ಲಿ ಬದುಕುಳಿದವರನ್ನು ಮಾತನಾಡಿಸಿದಾಗ ಒಂದು ವಿಚಿತ್ರ ಗಮನಿಸಿದರು. ತಾಲೀಮಿನಲ್ಲಿ ಸಲೀಸಾಗಿ ಹೊರುತ್ತಿದ್ದ ಸಾಮಾನನ್ನೇ ಗುಂಡಿನ ಮಳೆಯಲ್ಲಿ ಎಳೆದಾಡಲೂ ಅವರಿಗೆ ಆಗಿರಲಿಲ್ಲ. ಭಯವೇ ದಣಿವು ಎಂಬುದು 1950ರ ಪುಸ್ತಕದಲ್ಲಿ ಅವರ ವಾದ. ಮಾರ್ಷಲ್ ಕೊಡುತ್ತಿದ್ದ ಅಂಕಿಅಂಶಗಳನ್ನು, ಅದರಲ್ಲೂ ಎಷ್ಟು ಸೈನಿಕರು ಗುಂಡು ಹಾರಿಸುತ್ತಾರೆ ಎಂಬ ಲೆಕ್ಕವನ್ನು, ನಂತರದ ವಿದ್ವಾಂಸರು ನಂಬಿಲ್ಲ. ಆ ಸಂಶಯ ನ್ಯಾಯವಾದದ್ದೇ. ಆದರೆ ಈ ಒಂದು ಮಾತಿಗೆ ಶರೀರಶಾಸ್ತ್ರದ ಬೆಂಬಲವಿದೆ. ಅಪಾಯದ ಸುಳಿವು ಸಿಕ್ಕೊಡನೆ ಅಡ್ರಿನಲಿನ್ ಹರಿದು ಹೃದಯ ಓಡತೊಡಗುತ್ತದೆ, ಸ್ನಾಯು ಮತ್ತು ಯಕೃತ್ತಿನ ಸಕ್ಕರೆಯ ದಾಸ್ತಾನು ಕರಗುತ್ತದೆ. ಕಾಲು ಒಂದು ಹೆಜ್ಜೆ ಇಡದಿದ್ದರೂ ದೇಹ ಖರ್ಚು ಮಾಡುತ್ತಿರುತ್ತದೆ. ಇದು ವಿರುದ್ಧ ದಿಕ್ಕಿನಲ್ಲೂ ನಡೆಯುತ್ತದೆ: ದೇಹದ ಭಾರ ಭಯವನ್ನು ಹುಟ್ಟಿಸಬಲ್ಲದು. ಬಿಗಿದ ಪಟ್ಟಿ ಎದೆಗೂಡಿನ ಚಲನೆಯನ್ನು ತಡೆದು ಉಸಿರನ್ನು ಮೊಟಕುಗೊಳಿಸುತ್ತದೆ. ಏದುಸಿರು ಮತ್ತು ಡವಗುಟ್ಟುವ ಎದೆಯನ್ನು ಮಿದುಳು ಅಪಾಯದ ಸೂಚನೆಯೆಂದು ಓದಬಲ್ಲದು. ಗಾಬರಿಗೊಳ್ಳುವ ಪ್ರವೃತ್ತಿ ಇರುವವರಿಗೆ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಉಸಿರಾಡಲು ಕೊಟ್ಟರೆ ಸಾಕು, ಗಾಬರಿ ಉಕ್ಕುತ್ತದೆ. ಪಟ್ಟಿಯನ್ನು ದೂರಿದ ಮೆಕ್ಲೀನ್, ಆತಂಕವನ್ನು ದೂರಿದ ವುಡ್ ಇಬ್ಬರೂ ಒಂದೇ ವೃತ್ತದ ಬೇರೆಬೇರೆ ಬಿಂದುಗಳ ಮೇಲೆ ಬೆರಳಿಟ್ಟಿದ್ದರು.

ಈ ಖರ್ಚಿಗೆ ಮಿತಿಯೂ ಇದೆ. ಮೊದಲ ಮಹಾಯುದ್ಧದಲ್ಲಿ ವೈದ್ಯನಾಗಿದ್ದ ಲಾರ್ಡ್ ಮೊರಾನ್, ಧೈರ್ಯವೆಂಬುದು ಬ್ಯಾಂಕಿನಲ್ಲಿಟ್ಟ ಹಣದಂತೆ, ತೆಗೆಯುತ್ತಾ ಹೋದರೆ ಖಾಲಿಯಾಗುತ್ತದೆ ಎಂದು 1945ರಲ್ಲಿ ಬರೆದರು. ಮರುವರ್ಷವೇ ಅಮೆರಿಕದ ಸೇನೆಗೆ ದುಡಿದಿದ್ದ ಆಪೆಲ್ ಮತ್ತು ಬೀಬಿ ಎಂಬ ಸಂಶೋಧಕರು ಅದಕ್ಕೊಂದು ಅಂದಾಜು ಕೊಟ್ಟರು: ಕಾಲಾಳು ಯೋಧ ಒಟ್ಟು 200ರಿಂದ 240 ದಿನ ಕಾಳಗ ಕಂಡಮೇಲೆ ಸವೆದುಹೋಗುತ್ತಾನೆ. ಇದು ಹೇಡಿಗಳ ಕಥೆಯಲ್ಲ, ಸರಾಸರಿ ಮನುಷ್ಯನದು. ದೇಹ, ಮನಸ್ಸು ಬೇರೆಯಲ್ಲ ಎಂಬ ಪಾಠವನ್ನೇ ಷೆಲ್ ಶಾಕ್ ಎಂಬ ಯುದ್ಧಾಘಾತದ ಚರಿತ್ರೆಯೂ ಹೇಳುತ್ತದೆ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಈ ಹೆಸರನ್ನು ವೈದ್ಯಪತ್ರಿಕೆಗೆ ತಂದಾಗ ಸ್ಫೋಟದ ಆಘಾತವೇ ಕಾರಣವೆಂಬ ಊಹೆಯಿತ್ತು. ಸ್ಫೋಟದ ಹತ್ತಿರಕ್ಕೂ ಹೋಗದವರಲ್ಲಿ ಅದೇ ಲಕ್ಷಣ ಕಂಡಾಗ ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆದರು. ನೂರು ವರ್ಷಗಳ ನಂತರ, 2016ರಲ್ಲಿ, ಡೇನಿಯಲ್ ಪರ್ಲ್ ನೇತೃತ್ವದ ರೋಗಶಾಸ್ತ್ರಜ್ಞರು ಸ್ಫೋಟಕ್ಕೆ ಸಿಕ್ಕಿದ್ದ ಯೋಧರ ಮಿದುಳಿನಲ್ಲಿ ವಿಶಿಷ್ಟ ಗಾಯದ ಕಲೆಗಳನ್ನು ತೋರಿಸಿದರು. ಲೋಲಕ ಮತ್ತೆ ದೇಹದತ್ತ ವಾಲಿತು. ಕೆಲವರಲ್ಲಿ ಒಂದು, ಕೆಲವರಲ್ಲಿ ಇನ್ನೊಂದು, ಹಲವರಲ್ಲಿ ಎರಡೂ ಇವೆ ಎಂಬುದೇ ಒಪ್ಪಬಹುದಾದ ಉತ್ತರ.

ಎರಡೂ ಒಂದೇ ಹೊರೆ ಎಂಬ ಈ ವಾದಕ್ಕೆ ಗಂಭೀರ ಆಕ್ಷೇಪಗಳಿವೆ. ಮಾನಸಿಕ ಹಾನಿಯ ಅಂಕಿಗಳು ಉಬ್ಬಿದವು ಎನ್ನುವುದು ಒಂದು. ಅದರಲ್ಲಿ ಸತ್ಯಾಂಶವಿದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಗಂಡಸರಲ್ಲಿ ನೂರಕ್ಕೆ 31 ಮಂದಿ ಜೀವಿತದ ಒಂದಲ್ಲ ಒಂದು ಘಟ್ಟದಲ್ಲಿ ಆಘಾತೋತ್ತರ ಒತ್ತಡಕ್ಕೆ ಒಳಗಾದರು ಎಂದು 1980ರ ದಶಕದ ಸಮೀಕ್ಷೆ ಹೇಳಿತ್ತು. 2006ರಲ್ಲಿ ಸೇನಾ ದಾಖಲೆಗಳೊಂದಿಗೆ ತಾಳೆ ನೋಡಿದಾಗ ಅದು 18.7ಕ್ಕೆ ಇಳಿಯಿತು. ಆದರೆ ಅದೇ ಮರುಪರಿಶೀಲನೆ, ಕಾಳಗದ ತೀವ್ರತೆ ಏರಿದಷ್ಟೂ ಕಾಯಿಲೆಯೂ ಏರುತ್ತದೆ ಎಂಬುದನ್ನು ಇನ್ನಷ್ಟು ಗಟ್ಟಿಗೊಳಿಸಿತು. ಅಂಕಿ ತಗ್ಗಿತು, ಸಂಬಂಧ ಉಳಿಯಿತು. ಕಠಿಣ ತಾಲೀಮು ಎಲ್ಲವನ್ನೂ ತಾಳಿಕೊಳ್ಳುವಂತೆ ಮಾಡುತ್ತದೆ ಎನ್ನುವುದು ಎರಡನೆಯದು. ತಾಲೀಮು ಸ್ನಾಯುವನ್ನು ಬಲಪಡಿಸುತ್ತದೆ, ಗಾಬರಿಯನ್ನು ತಗ್ಗಿಸುತ್ತದೆ, ನಿಜ. ಆದರೆ ಒಮಾಹದಲ್ಲಿ ಕುಸಿದವರೂ ತಾಲೀಮು ಪಡೆದವರೇ. ಮೂರನೆಯದು ಎಲ್ಲಕ್ಕಿಂತ ಬಲವಾದದ್ದು: ಗುಂಡುನಿರೋಧಕ ಕವಚ ಜೀವ ಉಳಿಸುತ್ತದೆ, ಅದನ್ನು ಕಳಚುವಂತೆ ಹೇಳುವುದು ಹೇಗೆ? ಕಳಚಬೇಕಿಲ್ಲ. ಆದರೆ ಚೀಲದೊಳಗಿನ ಪ್ರತಿ ವಸ್ತುವಿಗೂ ಇಂಥದೇ ಸಮರ್ಥನೆ ಇದೆ: ಇನ್ನೊಂದು ಬ್ಯಾಟರಿ, ಇನ್ನೊಂದು ನೀರಿನ ಬಾಟಲಿ, ಇನ್ನಷ್ಟು ಮದ್ದುಗುಂಡು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಬೇಕು. ಒಟ್ಟು ಸೇರಿದಾಗ ಯೋಧ ಓಡಲಾರ, ಓಡಲಾರದವನು ಬಯಲಲ್ಲಿ ಹೆಚ್ಚು ಹೊತ್ತು ಗುರಿಯಾಗಿರುತ್ತಾನೆ. ಏನಾದರೂ ಆಗಿಬಿಟ್ಟರೆ ಎಂಬ ಅಧಿಕಾರಿಯ ಅಳುಕೇ ಕಿಲೋಗಳಾಗಿ ಸಿಪಾಯಿಯ ಬೆನ್ನೇರುತ್ತದೆ.

ನಮ್ಮ ದೇಶಕ್ಕೆ ಈ ಲೆಕ್ಕ ಇನ್ನೂ ತುರ್ತಿನದು. 1984ರಿಂದ ನಮ್ಮ ಸೈನಿಕರು ಕಾಯುತ್ತಿರುವ ಸಿಯಾಚಿನ್‌ನಲ್ಲಿ ಗುಂಡಿಗಿಂತ ಹಿಮ, ಚಳಿ, ಗಾಳಿಯೇ ಹೆಚ್ಚು ಜೀವ ತೆಗೆದಿವೆ. 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮತ್ತು ಅವರ ಒಂಬತ್ತು ಸಂಗಾತಿಗಳು ಹಿಮಕುಸಿತಕ್ಕೆ ಸಿಕ್ಕ ನೆಲೆ 19 ಸಾವಿರ ಅಡಿಗೂ ಮೇಲಿತ್ತು. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ; ಕೆಳಗೆ ಹಗುರವೆನಿಸುವ ಚೀಲ ಅಲ್ಲಿ ಉಸಿರು ಕಟ್ಟಿಸುತ್ತದೆ, ನಿದ್ದೆ ಹರಿದುಹೋಗುತ್ತದೆ, ಒಂಟಿತನ ದಿನವೂ ಕೂಡುತ್ತದೆ. ಇಂಥಲ್ಲಿ ತೂಕವನ್ನು ಒಂದು ಇಲಾಖೆ, ಮನಸ್ಸನ್ನು ಇನ್ನೊಂದು ಇಲಾಖೆ ನೋಡಿಕೊಂಡರೆ ಸಾಲದು. ಹೊರೆಯ ಕಿಲೋ, ನಿದ್ದೆಯ ಗಂಟೆ, ಮುಂಚೂಣಿಯಲ್ಲಿ ಕಳೆದ ದಿನ, ಈ ಮೂರನ್ನೂ ಒಂದೇ ಕಡತದಲ್ಲಿ ಬರೆದಿಟ್ಟು, ಒಂದು ಏರಿದಾಗ ಇನ್ನೊಂದನ್ನು ಇಳಿಸುವ ನಿಯಮ ಬೇಕು. ಸೈನಿಕನ ಧೈರ್ಯವನ್ನು ಹೊಗಳುವವರು ಅದಕ್ಕೂ ಮಿತಿಯಿದೆ ಎಂಬುದನ್ನು ಒಪ್ಪಿಕೊಂಡು ಯೋಜನೆ ಹಾಕಬೇಕು.