ಐದು ಮಕ್ಕಳು, ಐದು ದಿನ, ಒಂದು ಸೀರೆ

ತೋಟಗಾರನಿಗೆ ಪ್ರವಾಸದ ಮುಹೂರ್ತ ಕೂಡಿಬರುವುದು ಸುಲಭವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿ. ಮಳೆ ಹಿಂದಾಯಿತೆನ್ನುವಷ್ಟರಲ್ಲಿ ಅಡಿಕೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಹಣ್ಣು, ಆಮೇಲೆ ಕಾಳುಮೆಣಸು. ಅದೂ ಮುಗಿದರೆ ಹೂಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡುವ ಕೆಲಸ. ಬೇಸಿಗೆ ರಜೆಯಲ್ಲಿ ಹೋಗೋಣವೆಂದರೆ ಬಾಗಲಕೋಟೆ ಸೀಮೆಯ ಏಪ್ರಿಲ್ ಬಿಸಿಲು ನಮ್ಮ ಮಲೆನಾಡಿನ ಕೂಸುಗಳಿಗೆ ಹೇಳಿಸಿದ್ದಲ್ಲ. ಉಳಿಯುವುದು ದಸರಾ ರಜೆಯೊಂದೇ.

2024ರ ದಸರಾ ರಜೆಯಲ್ಲಿ ಹಾಗೆ ಐದು ದಿನ ಬಿಡುವು ಸಿಕ್ಕಿತು. ಹೊರಟವರು ನಾನು, ನನ್ನ ಮನೆಯವರು, ತಮ್ಮನ ಹೆಂಡತಿ, ಅರವತ್ತೆಂಟು ದಾಟಿದ ನಮ್ಮ ತಾಯಿ, ಜೊತೆಗೆ ಐದು ಮಕ್ಕಳು. ಮೂವರು ನಮ್ಮವರು, ಇಬ್ಬರು ತಮ್ಮನವರು. ಹಿರಿಯವಳಿಗೆ ಹನ್ನೊಂದು, ಕಿರಿಯವನಿಗೆ ನಾಲ್ಕು. ತಮ್ಮ ತೋಟ ನೋಡಿಕೊಳ್ಳಲು ಮನೆಯಲ್ಲೇ ಉಳಿದ. ತಾಯಿಯವರದು ಒಂದೇ ಆಸೆ: ಅವರ ತಾಯಿ ಉಡುತ್ತಿದ್ದಂಥ ಇಳಕಲ್ ಸೀರೆಯೊಂದನ್ನು ಇಳಕಲ್ಲಿನಲ್ಲೇ, ನೇಯ್ದವರ ಕೈಯಿಂದಲೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ಬಾದಾಮಿ ತೋರಿಸಬೇಕೆಂಬುದು ನನ್ನ ಆಸೆ. ಮಕ್ಕಳ ಆಸೆಯನ್ನು ಯಾರೂ ಕೇಳಿರಲಿಲ್ಲ.

ಹಿರಿಯವಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು, “ಪ್ರವಾಸದ ಲೆಕ್ಕವೆಲ್ಲ ನಿನ್ನದು. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆಯಬೇಕು” ಎಂದೆ. ಸುಮ್ಮನೆ ಕೂತಿರಲಿ ಎಂಬ ಉಪಾಯವದು. ಆ ಪುಸ್ತಕ ಮುಂದೆ ನನ್ನನ್ನೇ ಕಟ್ಟಿಹಾಕೀತೆಂದು ಆಗ ಹೊಳೆಯಲಿಲ್ಲ.

ಮರಗಳಿಲ್ಲದ ನಾಡು

ಕೊಪ್ಪದಿಂದ ಬೆಳಗಿನ ಜಾವ ನಾಲ್ಕಕ್ಕೆ ಬಾಡಿಗೆ ವ್ಯಾನು ಹೊರಟಿತು. ತೀರ್ಥಹಳ್ಳಿ ದಾಟುವುದರೊಳಗೆ ಇಬ್ಬರಿಗೆ ವಾಂತಿಯಾಯಿತು. ನಿಂಬೆಹಣ್ಣು ಮೂಸಿಸುತ್ತ, ಕಿಟಕಿ ಪಕ್ಕದ ಜಾಗಕ್ಕೆ ಸರದಿ ಹಾಕುತ್ತ, ಹುಬ್ಬಳ್ಳಿ ಮುಟ್ಟುವಾಗ ಮಧ್ಯಾಹ್ನ. ಅಲ್ಲಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸು ಹಿಡಿದು ಬಾದಾಮಿಗೆ. ಇಳಿದು ಹತ್ತಿದಾಗಲೆಲ್ಲ ಗೋಣಿಚೀಲ ಎಣಿಸಿದಂತೆ ತಲೆ ಎಣಿಸುವುದು ನನ್ನ ಕೆಲಸವಾಯಿತು.

ನವಲಗುಂದ ದಾಟಿದ ಮೇಲೆ ಎರೆಭೂಮಿ. ಕಣ್ಣು ಹಾಯುವವರೆಗೂ ಕಪ್ಪು ಮಣ್ಣು, ಹತ್ತಿ, ಮೆಣಸಿನಗಿಡ, ಉಳ್ಳಾಗಡ್ಡಿ. ಮರದ ನೆರಳಿಲ್ಲದ ಜಾಗವನ್ನೇ ಕಾಣದ ನಮ್ಮ ನಾಲ್ಕು ವರ್ಷದವನು ಬಹಳ ಹೊತ್ತು ಸುಮ್ಮನೆ ನೋಡಿ, “ಅಪ್ಪ, ಇವರ ಮರವೆಲ್ಲ ಯಾರು ಕಡಿದರು?” ಎಂದು ಕೇಳಿದ. ಯಾರೂ ಕಡಿದಿಲ್ಲ, ಇಲ್ಲಿ ಬೇಸಾಯವೇ ಹೀಗೆ, ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಹಿಂಗಾರಿ ಜೋಳ ಬೆಳೆಯುತ್ತದೆ ಎಂದು ವಿವರಿಸಿದೆ. ಅವನು ನಂಬಿದಂತೆ ಕಾಣಲಿಲ್ಲ.

ಹದಿನೆಂಟು ಕೈಗಳ ಲೆಕ್ಕ

ಬಾದಾಮಿಯ ಗುಹೆಗಳನ್ನು ಮಕ್ಕಳೊಂದಿಗೆ ನೋಡುವವರಿಗೆ ಒಂದು ಸಲಹೆ. ಬೆಳಿಗ್ಗೆ ಬೇಗನೆ ಹತ್ತಿರಿ. ಬಿಸಿಲೇರಿದರೆ ಮೆಟ್ಟಿಲು ಸುಡುತ್ತದೆ, ಕೂಸನ್ನು ಎತ್ತಿಕೊಳ್ಳುವ ಪಾಳಿ ದೊಡ್ಡವರಿಗೆ ಬರುತ್ತದೆ. ಇನ್ನೊಂದು, ಕೈಯಲ್ಲಿ ತಿಂಡಿ ಬೇಡ. ಅಲ್ಲಿನ ಕೋತಿಗಳಿಗೆ ಬಾಳೆಹಣ್ಣು ಯಾವ ಚೀಲದಲ್ಲಿದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಎರಡನೆಯವನ ಬಿಸ್ಕತ್ತಿನ ಪೊಟ್ಟಣ ಮೊದಲ ಗುಹೆ ತಲುಪುವ ಮುಂಚೆಯೇ ಹೋಯಿತು. ಖರ್ಚಿನ ಪುಟದಲ್ಲಿ “ಕೋತಿಗೆ: ಒಂದು ಪೊಟ್ಟಣ” ಎಂದು ನಮೂದಾಯಿತು.

ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯರ ಕಾಲ ನಿರ್ಣಯಕ್ಕೆ ಅದು ಎಷ್ಟು ಮುಖ್ಯ ಎಂದೆಲ್ಲ ಹೇಳಲು ನಾನು ಸಿದ್ಧನಾಗಿಯೇ ಹೋಗಿದ್ದೆ. ಮಕ್ಕಳು ಮೊದಲ ಗುಹೆಯ ನಟರಾಜನನ್ನು ಬಿಟ್ಟು ಕದಲಿದರೆ ತಾನೆ! ಅವನ ಕೈಗಳನ್ನು ಎಣಿಸಿದರು. ಒಬ್ಬನಿಗೆ ಹದಿನಾರು, ಇನ್ನೊಬ್ಬಳಿಗೆ ಹದಿನೇಳು. ಜಗಳವಾಡಿ ಮತ್ತೆ ಎಣಿಸಿ ಹದಿನೆಂಟಕ್ಕೆ ಒಪ್ಪಿದರು. ಆಮೇಲೆ ಒಬ್ಬರ ಹಿಂದೊಬ್ಬರು ನಿಂತು ಐವರೂ ಕೈ ಚಾಚಿದರೂ ಹತ್ತೇ ಕೈ. “ಅಜ್ಜಿ, ಅಮ್ಮ, ಚಿಕ್ಕಮ್ಮ, ಅಪ್ಪ ಬಂದರೆ ಸರಿಯಾಗುತ್ತದೆ” ಎಂದು ಹಿರಿಯವಳು ಲೆಕ್ಕ ಹಾಕಿದಳು. ಒಂಬತ್ತು ಜನ, ಹದಿನೆಂಟು ಕೈ! ನಮ್ಮ ತಾಯಿಯೂ ಸೆರಗು ಸಿಕ್ಕಿಸಿಕೊಂಡು ಸಾಲಿಗೆ ನಿಂತರು.

ಅದೇ ಗುಹೆಯ ಬಾಗಿಲ ಬಳಿ ಎಡಕ್ಕೆ, ದ್ವಾರಪಾಲಕನ ಕೆಳಗೆ ಆನೆಯೂ ಎತ್ತೂ ಒಂದೇ ತಲೆಯನ್ನು ಹಂಚಿಕೊಂಡ ಕೆತ್ತನೆಯೊಂದಿದೆ. ಒಂದು ಕಡೆಯ ಮೈ ಮುಚ್ಚಿದರೆ ಆನೆ, ಇನ್ನೊಂದು ಕಡೆಯದು ಮುಚ್ಚಿದರೆ ಎತ್ತು. ಅಲ್ಲಿ ಅರ್ಧ ತಾಸು ಹೋಯಿತು. ನಾಲ್ಕನೆಯದಾದ ಜೈನ ಗುಹೆಗೆ ನಾನೊಬ್ಬನೇ ಓಡಿಹೋಗಿ ಬಂದೆ. ಶಾಸನದ ಪಾಠ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಮಧ್ಯಾಹ್ನ ಐದು ಕಿಲೋಮೀಟರು ದೂರದ ಬನಶಂಕರಿಗೆ ಹೋದೆವು. ದೇವಸ್ಥಾನದ ಹೊರಗೆ ಬುಟ್ಟಿ ಇಟ್ಟುಕೊಂಡ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಪಲ್ಯ, ಚಟ್ನಿ, ಪುಟ್ಟ ಮಡಕೆಯಲ್ಲಿ ಗಟ್ಟಿ ಮೊಸರು ಮಾರುತ್ತಾರೆ. ಗಂಜಿಯೂಟದ ನಮ್ಮ ಮಕ್ಕಳ ಕಣ್ಣಲ್ಲಿ ಖಾರಕ್ಕೆ ನೀರು ಬಂತು. “ಮಸರು ಹಚ್ಕೊಂಡು ತಿನ್ನು ತಂಗಿ, ಏನೂ ಆಗಂಗಿಲ್ಲ” ಎಂದು ಆ ತಾಯಿ ಇನ್ನೊಂದು ಮಡಕೆ ಮುಂದಿಟ್ಟರು. “ಎಲ್ಲಾ ನಿಮ್ಮವ ಏನ್ರೀ ಅಣ್ಣಾರ?” ಎಂದು ಐವರನ್ನೂ ನೋಡಿ ಕೇಳಿದಾಗ ನನ್ನ ಮನೆಯವರು ತಲೆತಗ್ಗಿಸಿ ನಕ್ಕರು.

ತಲೆ ನಾಲ್ಕೇ!

ಮೂರನೆಯ ದಿನ ಪಟ್ಟದಕಲ್ಲು, ಐಹೊಳೆ ಎರಡನ್ನೂ ನೋಡಿ ಇಳಕಲ್ಲು ಸೇರುವುದೆಂದು ಬರೆದುಕೊಂಡಿದ್ದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲನ್ನು ಮಕ್ಕಳು ಹುಲ್ಲಿನ ಮೇಲೆ ಉರುಳಾಡಿಯೇ ಮುಗಿಸಿದರು. ಐಹೊಳೆಗೆ ಬರುವಾಗ ಹೊತ್ತು ಏರಿತ್ತು.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಗುಡಿಗಳೂ ಮನೆಗಳೂ ಬೆರೆತುಕೊಂಡಿವೆ. ಒಂದು ಗುಡಿಯ ಹಿಂದೆ ದನದ ಕೊಟ್ಟಿಗೆ, ಅದರಾಚೆ ಮತ್ತೊಂದು ಗುಡಿ. ಹಿಂದೆ ಗುಡಿಯಲ್ಲೇ ಸಂಸಾರ ಹೂಡಿದ್ದವರೂ ಉಂಟು. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಾಗಿದ್ದ ಒಬ್ಬರಿಂದ. ದುರ್ಗದ ಗುಡಿಯೆಂದರೆ ದುರ್ಗಾದೇವಿಯ ಗುಡಿಯಲ್ಲ, ದುರ್ಗವೆಂದರೆ ಕೋಟೆ, ಎಂದು ಹೇಳುತ್ತ ನಾನು ರೂಢಿಯಂತೆ ತಲೆ ಎಣಿಸಿದೆ. ನಾಲ್ಕೇ ಇತ್ತು.

ಇಲ್ಲದವನು ತಮ್ಮನ ಮಗ, ಆರು ವರ್ಷದವನು. ನಮ್ಮ ಮಗನಾಗಿದ್ದರೆ ಹೆದರಿಕೆಯೊಂದೇ ಇರುತ್ತಿತ್ತೋ ಏನೋ. ನನ್ನ ಮೇಲೆ ನಂಬಿಕೆಯಿಟ್ಟು ಮನೆಯಲ್ಲುಳಿದ ತಮ್ಮನ ಮುಖ ಕಣ್ಣಮುಂದೆ ಬಂದು ಕಾಲು ನಡುಗಿತು. ಅವನ ತಾಯಿ ಅಳಲೂ ಇಲ್ಲ, ಒಂದೇ ಉಸಿರಿಗೆ ಸಂದಿಸಂದಿಯಲ್ಲಿ ಕೂಗುತ್ತ ಓಡಿದರು. ವ್ಯಾನಿನ ಚಾಲಕ ಒಂದು ಕಡೆ, ನಾನು ಒಂದು ಕಡೆ. ಊರ ಹುಡುಗರು ನಾಲ್ಕೈದು ಮಂದಿ ಕೇಳದೆಯೇ ಹುಡುಕಲು ನಿಂತರು. ಹದಿನೈದು ನಿಮಿಷವಿರಬಹುದು, ನನಗೆ ಒಂದು ಮಳೆಗಾಲವೇ ಕಳೆದಂತಾಯಿತು.

ಸಿಕ್ಕಿದ್ದು ಗುಡಿಯ ಹಿಂದಿನ ಒಂದು ಮನೆಯ ಕಟ್ಟೆಯ ಮೇಲೆ. ಆಡಿನ ಮರಿಯ ಹಿಂದೆ ಹೋದವನು ಅಲ್ಲಿ ಕೂತು ರೊಟ್ಟಿಗೆ ಶೇಂಗಾ ಹಿಂಡಿ, ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದ. ಹಿಂದಿನ ದಿನ ಖಾರಕ್ಕೆ ಅತ್ತವನೂ ಅವನೇ! ಮನೆಯ ಅಜ್ಜಿ ನಮ್ಮನ್ನು ಕಂಡು, “ಕೂಸು ಹಸಿದಿತ್ತವ್ವಾ. ಹುಡುಕ್ಕೋತ ನೀವ ಬರ್ತೀರಿ ಅಂತ ಇಲ್ಲೇ ಕುಂದರಿಸೀನಿ. ಓಡ್ಯಾಡಿದ್ರ ಇನ್ನಷ್ಟು ತಪ್ಪಿಸ್ಕೋತಿತ್ತು” ಎಂದರು. ಹುಡುಕುವವರು ಬಂದೇ ಬರುತ್ತಾರೆ, ಮಗುವನ್ನು ಕೂತಲ್ಲೇ ಕೂರಿಸಬೇಕು. ಇಷ್ಟು ತಿಳಿವಳಿಕೆ ಆ ಗಳಿಗೆಯಲ್ಲಿ ನನಗಿರಲಿಲ್ಲ.

ಹಣ ಕೊಡಲು ಹೋದವನನ್ನು ತಾಯಿಯವರು ಕಣ್ಣಲ್ಲೇ ತಡೆದು, ತಮ್ಮ ಎಲೆಯಡಿಕೆ ಚೀಲ ಬಿಚ್ಚಿದರು. ನಮ್ಮ ಅಂಗಳದಲ್ಲೇ ಬೇಯಿಸಿ ಒಣಗಿಸಿದ ಕೆಂಪಡಿಕೆ. ಅಜ್ಜಿ ಒಂದು ಹೋಳು ಬಾಯಿಗಿಟ್ಟು, “ಅಡಕಿ ಚಲೋ ಐತಿ. ಯಾವೂರಿಂದು?” ಎಂದರು. ಎಷ್ಟೋ ವರ್ಷದಿಂದ ಮಂಡಿಗೆ ಅಡಿಕೆ ಹಾಕುತ್ತಿದ್ದೇನೆ, ಅದನ್ನು ತಿನ್ನುವವರ ಮುಖವನ್ನು ಹೀಗೆ ಎದುರೆದುರು ನೋಡಿದ್ದು ಅಂದೇ ಮೊದಲು.

ಅಂದಿನಿಂದ ಹೊಸ ಕಟ್ಟಳೆ: ಇಬ್ಬರಿಬ್ಬರು ಕೈ ಹಿಡಿದೇ ನಡೆಯಬೇಕು, ಚಿಕ್ಕವನು ಅಜ್ಜಿಯ ಬೆರಳು ಬಿಡಬಾರದು, ದಾರಿ ತಪ್ಪಿದವರು ನಿಂತಲ್ಲೇ ಕೂರಬೇಕು. ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದ ದಾಟಿ ಇಳಕಲ್ಲಿಗೆ ಬರುವಾಗ ಐವರೂ ನಿದ್ದೆಯಲ್ಲಿದ್ದರು. ಆದರೂ ಎಣಿಸಿದೆ.

ಕೊಂಡಿ

ಇಳಕಲ್ಲಿನಲ್ಲಿ ವಸತಿಗೃಹದವರು ತಮಗೆ ಪರಿಚಯದ ನೇಕಾರರ ಮನೆಯೊಂದಕ್ಕೆ ಕಳಿಸಿಕೊಟ್ಟರು. ಮುಂದಿನ ಕೋಣೆಯಲ್ಲೇ ಕುಣಿಮಗ್ಗ. ಯಜಮಾನರು ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುತ್ತಿದ್ದರೆ, ಅವರ ಮನೆಯವರು ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದರು. ಅವರಿಗೂ ಇಬ್ಬರು ಮಕ್ಕಳು. ಎರಡು ನಿಮಿಷದಲ್ಲಿ ಆರು ಮಕ್ಕಳ ದಂಡು ಹಿತ್ತಿಲು ಸೇರಿತು. ಹಿರಿಯವಳು ಮಾತ್ರ ಮಗ್ಗದ ಬಳಿಯೇ ಉಳಿದಳು.

ಇಳಕಲ್ ಸೀರೆಯ ವಿಶೇಷವೆಲ್ಲ ಸೆರಗಿನಲ್ಲಿದೆ. ಮೈಯ ಹಾಸು ಬೇರೆ, ಕೆಂಪು ರೇಷ್ಮೆಯ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೈಯಿಂದಲೇ ಸೇರಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕಾದ್ದರಿಂದ ಉದ್ದ ಹಾಸು ಹೂಡಿ ಒಂದರ ಹಿಂದೊಂದು ನೇಯುತ್ತ ಹೋಗುವಂತಿಲ್ಲ. ವಿದ್ಯುತ್ ಮಗ್ಗದ ನಕಲು ಸೀರೆ ಅಗ್ಗವಾಗುವುದೂ ಇಂಥ ಕೈಕೆಲಸ ತಪ್ಪಿಸುವುದರಿಂದಲೇ. ನಮ್ಮ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಸಿಕ್ಕಿತಲ್ಲ, ಅಂಥದೇ ಭೌಗೋಳಿಕ ಸೂಚಿಯ ಮಾನ್ಯತೆ ಈ ಸೀರೆಗೂ ಇದೆ.

ತಾಯಿಯವರು ಒಂದು ಸೀರೆ ಆರಿಸಿದರು. ಯಜಮಾನರು ಬೆಲೆ ಹೇಳಿದರು. ನನ್ನ ಬಾಯಿಂದ ರೂಢಿಯಂತೆ, “ಸ್ವಲ್ಪ ನೋಡಿ ಹೇಳಿ, ಅಂಗಡಿಯಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದಲ್ಲ” ಎಂಬ ಮಾತು ಬಂದೇಬಿಟ್ಟಿತು. ಅವರು ಸಿಟ್ಟಾಗಲಿಲ್ಲ. “ಸಿಗತೈತ್ರಿ ಅಣ್ಣಾರ. ಅದು ಬ್ಯಾರೆ, ಇದು ಬ್ಯಾರೆ” ಎಂದಷ್ಟೇ ಹೇಳಿ ಸೀರೆ ಮಡಿಸತೊಡಗಿದರು.

ಹಿರಿಯವಳು ಆ ಹೊತ್ತಿಗೆ ಮನೆಯಾಕೆಯನ್ನು ಕೇಳಿ ಕೇಳಿ ನೋಟುಪುಸ್ತಕದಲ್ಲಿ ಬರೆಯುತ್ತಿದ್ದಳು: ನೂಲು, ರೇಷ್ಮೆಗೆ ಎಷ್ಟು, ಕೊಂಡಿಗೆ ಎಷ್ಟು ಹೊತ್ತು, ನೇಯಲು ಎಷ್ಟು ದಿನ, ಎಷ್ಟು ಜನರ ಕೆಲಸ. ಖರ್ಚು ಕಳೆದು, ದಿನದಿಂದ ಭಾಗಿಸಿ, ಜನರಿಂದ ಭಾಗಿಸಿ ನನ್ನ ಮುಂದೆ ಹಿಡಿದಳು. ಭಾಗಾಕಾರ ಸರಿಯಿದೆಯೇ ಎಂದು ಕೇಳುವುದಷ್ಟೇ ಅವಳ ಉದ್ದೇಶ. ಸರಿಯಿತ್ತು. ನಮ್ಮಲ್ಲಿ ಕೊನೆ ಇಳಿಸುವವನಿಗೆ ಕೊಡುವ ದಿನಗೂಲಿಯ ಅರ್ಧಕ್ಕೂ ಅದು ಬರಲಿಲ್ಲ. ಮಂಡಿಯಲ್ಲಿ ನಮ್ಮ ಮಾಲು ಮುಟ್ಟಿ ನೋಡಿ “ಬೇರೆ ಕಡೆ ಕಡಿಮೆಗೆ ಸಿಗುತ್ತದೆ” ಎನ್ನುವವರ ಮೇಲೆ ಸಂಘದ ಸಭೆಗಳಲ್ಲಿ ನಾನು ಎಷ್ಟು ಸಲ ಭಾಷಣ ಮಾಡಿಲ್ಲ!

ಹೇಳಿದ ಬೆಲೆಯನ್ನೇ ಕೊಟ್ಟು ಸೀರೆ ತೆಗೆದುಕೊಂಡೆವು.

ನೀರೊಳಗಿನ ಮನೆ

ಅಂದು ಮಧ್ಯಾಹ್ನ ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ ಹೋದೆವು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನುಗ್ಗದಂತೆ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಒಳಗೆ ಹೋಗಬೇಕು. “ನಾವೀಗ ಹೊಳೆಗಿಂತ ಕೆಳಗಿದ್ದೇವೆಯೇ?” ಎಂದು ಚಿಕ್ಕವನು ಪಿಸುಗುಟ್ಟಿದ.

ರಾತ್ರಿ ಬಾಗಲಕೋಟೆಯ ನವನಗರದಲ್ಲಿ, ನನ್ನ ಜೊತೆ ಓದಿದ ಗೆಳೆಯನ ಮನೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ನವನಗರ. ಗೆಳೆಯನ ತಾಯಿ ತಮ್ಮ ಹಳೆಯ ಓಣಿಯ ಮಾತು ತೆಗೆದಾಗ ನಮ್ಮ ತಾಯಿ ಮೆಲ್ಲಗೆ, “ನನ್ನ ತವರುಮನೆಯೂ ನೀರಿನಲ್ಲೇ ಇದೆ” ಎಂದರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಅವರು ಎಂಟು ವರ್ಷದ ಹುಡುಗಿ. ಶರಾವತಿ ಕಣಿವೆಯ ಆ ಮನೆಯ ಸುದ್ದಿಯನ್ನು ನಮ್ಮ ಮಕ್ಕಳು ಮೊದಲ ಬಾರಿ ಕೇಳಿದ್ದು ಅಂದು, ಬಾಗಲಕೋಟೆಯಲ್ಲಿ. ಅಜ್ಜಿಯ ತಾಯಿ ಆ ಮನೆ ಬಿಡುವಾಗ ಉಟ್ಟದ್ದು ಇಳಕಲ್ ಸೀರೆಯಂತೆ. ನನಗೂ ಅದು ಗೊತ್ತಿರಲಿಲ್ಲ.

ಐದನೆಯ ದಿನ ರಾತ್ರಿ ಕೊಪ್ಪ ಸೇರಿದೆವು. ತಮ್ಮನ ಮುಂದೆ ಐವರನ್ನೂ ಸಾಲಾಗಿ ನಿಲ್ಲಿಸಿ ಎಣಿಸಿ ಒಪ್ಪಿಸಿದೆ. ಐಹೊಳೆಯ ಸಂಗತಿಯನ್ನು ನಾನೇ ಮೊದಲು ಹೇಳಿದೆ. ಇಲ್ಲವಾದರೆ ರೊಟ್ಟಿ ತಿಂದವನೇ ಹೇಳುತ್ತಿದ್ದ.

ಸದಸ್ಯ ಬಂಧುಗಳಲ್ಲಿ ಹೇಳುವುದಿಷ್ಟೆ. ಮಕ್ಕಳನ್ನು ಕಟ್ಟಿಕೊಂಡು ಹೋದರೆ ಪಟ್ಟಿಯಲ್ಲಿದ್ದ ಅರ್ಧ ಜಾಗ ನೋಡಲಾಗುವುದಿಲ್ಲ. ಆದರೆ ದೊಡ್ಡವರಷ್ಟೇ ಹೋದರೆ ತೆರೆಯದ ಮನೆಬಾಗಿಲುಗಳು ಮಕ್ಕಳಿದ್ದಾಗ ತೆರೆಯುತ್ತವೆ. ಕೊಯ್ಲಿಗೆ ಮುಂಚಿನ ಆ ನಾಲ್ಕೈದು ದಿನಗಳನ್ನು ಬಿಡಬೇಡಿ.

ನವೆಂಬರಿನಲ್ಲಿ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ಶುರುವಾಯಿತು. ಒಂದು ಸಂಜೆ ನೋಡಿದರೆ ಹಿರಿಯವಳು ಅದೇ ನೋಟುಪುಸ್ತಕ ಹಿಡಿದು ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರನ್ನು ಕೇಳುತ್ತಿದ್ದಳು: ಎಷ್ಟು ಹೊತ್ತಿಗೆ ಕೂತಿರಿ, ಎಷ್ಟು ಸುಲಿದಿರಿ, ಎಷ್ಟು ಕೊಡುತ್ತಾರೆ? ಪುಟದ ಮೇಲೆ ಈ ಸಲ ನಮ್ಮ ಮನೆಯ ಹೆಸರೇ ಇತ್ತು. ಭಾಗಾಕಾರ ಸರಿಯಿದೆಯೇ ಎಂದು ನೋಡಲು ನನ್ನ ಬಳಿಗೇ ತಂದಳು. ಸರಿಯಿತ್ತು. ಆ ವಾರದಿಂದ ಸುಲಿಗೆಯ ದರ ಏರಿಸಿದೆವು. ಸಾಕಾಯಿತೇ ಎಂದರೆ, ಅವಳು ಪುಟವನ್ನು ಇನ್ನೂ ಮುಚ್ಚಿಲ್ಲ.