ಗ್ರಹಣದ ಚಂದ್ರನಿಗೆ ಕ್ಯಾಮರಾ ಹಿಡಿಯುವ ಬಗೆ



ಚಂದ್ರಗ್ರಹಣ ಎಂಬ ಮಾತಿಗೆ ನಮ್ಮ ಗಡಿಸೀಮೆಯಲ್ಲಿ ಅನುವಾದ ಬೇಕಿಲ್ಲ. ಕಾಸರಗೋಡಿನ ಮಲಯಾಳಿ ನೆರೆಯವರು, ಅಕ್ಕಲಕೋಟೆಯ ಮರಾಠಿ ಮಂದಿ, ಮಡಕಶಿರೆಯ ತೆಲುಗರು ಎಲ್ಲರೂ ಆಡುವುದು ಇದೇ ಪದವನ್ನು. ತಾಳವಾಡಿ, ಹೊಸೂರಿನ ಕಡೆ ತಮಿಳು ನಾಲಗೆಯಲ್ಲಿ ಅದು ‘ಚಂದಿರ ಗಿರಗಣಂ’ ಆಗುತ್ತದೆ, ಅಷ್ಟೆ. ಸೂರ್ಯಗ್ರಹಣವಾದರೆ ಊರಿನಿಂದ ಊರಿಗೆ ಅದರ ವೇಳೆ ಬೇರೆ, ಪ್ರಮಾಣ ಬೇರೆ. ಚಂದ್ರಗ್ರಹಣ ಹಾಗಲ್ಲ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವ ಗಳಿಗೆ ವಯನಾಡಿಗೂ ಜತ್ತಿಗೂ ಒಂದೇ.

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ 82 ನಿಮಿಷ ಪೂರ್ತಿ ನೆರಳಿನಲ್ಲಿ ಮುಳುಗಿದ್ದ. ನಮ್ಮ ಕಡೆಗೆ ಅಂಥ ಪೂರ್ಣ ನೋಟದ ಖಗ್ರಾಸ ಗ್ರಹಣ ಮತ್ತೆ ಬರುವುದು 2028ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷದ ಹೊಸ್ತಿಲಲ್ಲಿ. ಮಳೆಗಾಲದ ಗ್ರಹಣವನ್ನು ಮೋಡ ನುಂಗುವುದು ಕಾಸರಗೋಡಿನವರಿಗೂ ನೀಲಗಿರಿಯವರಿಗೂ ಹೊಸತಲ್ಲ. ಡಿಸೆಂಬರಿನಲ್ಲಿ ಆ ಭಯ ಕಡಿಮೆ. ಮೇಲಾಗಿ ಆ ರಾತ್ರಿ ಗ್ರಹಣದ ನಡುವೇಳೆಗೆ ಚಂದ್ರ ಆಕಾಶದಲ್ಲಿ ಬಹಳ ಎತ್ತರಕ್ಕೆ ಏರಿರುತ್ತಾನೆ. ತೆಂಗಿನ ಗರಿಯಾಗಲಿ, ಪಕ್ಕದ ಮನೆಯ ನೀರಿನ ಟ್ಯಾಂಕಾಗಲಿ ಅಡ್ಡ ಬಾರದು. ಕತ್ತು ಮಾತ್ರ ನೋಯಬಹುದು.

ಆದರೆ ಇಂಥ ರಾತ್ರಿಯ ಮರುದಿನ ಫೋನಿನಿಂದ ಫೋನಿಗೆ ಹರಿದಾಡುವ ಚಿತ್ರಗಳನ್ನು ನೋಡಿ. ಎಷ್ಟೋ ಚಿತ್ರಗಳಲ್ಲಿ ಚಂದ್ರ ಒಂದು ಬಿಳಿಯ ಬೊಟ್ಟು, ಇಲ್ಲವೇ ಕೆಂಪು ಮಸಿ. ಕಾರಣ ತಿಳಿದರೆ ಪರಿಹಾರ ಸುಲಭ. ಕ್ಯಾಮರಾಕ್ಕೆ ತಾನಾಗಿ ತಿಳಿಯುವುದು ಒಟ್ಟು ಚೌಕಟ್ಟಿನ ಬೆಳಕು ಮಾತ್ರ. ಚೌಕಟ್ಟಿನ ತುಂಬ ಕತ್ತಲೆ, ನಡುವೆ ಪುಟ್ಟ ಚಂದ್ರ. ಕತ್ತಲೆಯನ್ನು ಬೆಳಗಿಸಲು ಹೊರಟ ಕ್ಯಾಮರಾ ಚಂದ್ರನನ್ನು ಸುಟ್ಟು ಬಿಳಿಯಾಗಿಸುತ್ತದೆ. ಹುಣ್ಣಿಮೆಯ ಚಂದ್ರನೆಂದರೆ ಬಿಸಿಲಿನಲ್ಲಿ ಬಿದ್ದಿರುವ ಕಲ್ಲು ಎಂಬುದನ್ನು ನೆನಪಿಡಬೇಕು. ಹಗಲಿನಲ್ಲಿ ಹೊಲದ ಬಂಡೆಯ ಫೋಟೋ ತೆಗೆಯಲು ಎಷ್ಟು ಬೆಳಕು ಬಿಡುತ್ತೇವೆಯೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸಾಕು.

ಕ್ಯಾಮರಾ ಇದ್ದವರಿಗೆ ಲೆಕ್ಕ ಹೀಗೆ. ಗ್ರಹಣ ಹಿಡಿಯುವ ಮುನ್ನ ಐಎಸ್‌ಒ 100, ಅಪರ್ಚರ್ 8, ಶಟರ್ ಸೆಕೆಂಡಿನ 200ನೇ ಒಂದು ಭಾಗ. ನೆರಳು ಅಂಚನ್ನು ಕಡಿಯತೊಡಗಿದ ಮೇಲೂ, ಬೆಳಗಿರುವ ಭಾಗ ಬೇಕಾದರೆ, ಇದರ ಆಸುಪಾಸಿನಲ್ಲೇ ಇರಿ. ಪೂರ್ತಿ ಮುಳುಗಿದ ಮೇಲೆ ಕಥೆಯೇ ಬೇರೆ. ಚಂದ್ರನ ಬೆಳಕು ಸಾವಿರಾರು ಪಟ್ಟು ಕುಗ್ಗುತ್ತದೆ. ಆಗ ಐಎಸ್‌ಒ 800, ಅಪರ್ಚರ್ 5.6, ಶಟರ್ ಒಂದರಿಂದ ಎರಡು ಸೆಕೆಂಡು ಎಂದು ಆರಂಭಿಸಿ, ಚಿತ್ರ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಎರಡು ಸೆಕೆಂಡಿಗಿಂತ ಹೆಚ್ಚು ತೆರೆದಿಟ್ಟರೆ ಅಂಚು ಕದಡತೊಡಗುತ್ತದೆ, ಏಕೆಂದರೆ ಭೂಮಿ ತಿರುಗುತ್ತಲೇ ಇರುತ್ತದೆ. ಚಂದ್ರ ತನ್ನ ಅಗಲದಷ್ಟು ದೂರ ಸರಿಯಲು ಸುಮಾರು ಎರಡೇ ನಿಮಿಷ ಸಾಕು. ಟ್ರೈಪಾಡ್ ಇಲ್ಲದಿದ್ದರೆ ಮರಳು ತುಂಬಿದ ಚೀಲದ ಮೇಲೆ ಕ್ಯಾಮರಾ ಕೂರಿಸಿ, ಟೈಮರ್ ಇಟ್ಟು ಕೈ ಹಿಂತೆಗೆಯಿರಿ. ಫ್ಲಾಶ್ ಆರಿಸಿ, ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರಿನಾಚೆಗೆ ಅದು ಮುಟ್ಟುವುದಿಲ್ಲ.

ಲೆನ್ಸಿನ ಬಗ್ಗೆ ಒಂದು ಮಾತು. ಕ್ಯಾಮರಾದೊಳಗೆ ಮೂಡುವ ಚಂದ್ರಬಿಂಬದ ಅಗಲ, ಲೆನ್ಸಿನ ಫೋಕಲ್ ದೂರದ ಸುಮಾರು 110ನೇ ಒಂದು ಭಾಗ. 300 ಮಿಲಿಮೀಟರ್ ಲೆನ್ಸಿನಲ್ಲಿ ಬಿಂಬ ಮೂರು ಮಿಲಿಮೀಟರಿಗೂ ಕಡಿಮೆ. ಫೋನಿನ ಮುಖ್ಯ ಲೆನ್ಸಿನದು ಕೆಲವೇ ಮಿಲಿಮೀಟರ್, ಅದರಲ್ಲಿ ಚಂದ್ರ ಸಾಸಿವೆಗಿಂತಲೂ ಎಷ್ಟೋ ಸಣ್ಣವನು. ಬೆರಳಿನಿಂದ ಹಿಗ್ಗಿಸಿದರೆ ಹಿಗ್ಗುವುದು ಮಸುಕು ಮಾತ್ರ. ದುರ್ಬೀನು ಸಿಕ್ಕರೆ ಅದನ್ನು ಅಲುಗಾಡದಂತೆ ಕಟ್ಟಿ, ಕಣ್ಣಿಡುವ ತುದಿಗೆ ಫೋನನ್ನು ಹಿಡಿಯಿರಿ. ಪರದೆಯಲ್ಲಿ ಚಂದ್ರನ ಮೇಲೆ ಬೆರಳೊತ್ತಿ ಹಿಡಿದರೆ ಎಷ್ಟೋ ಫೋನುಗಳಲ್ಲಿ ಫೋಕಸ್ ನಿಲ್ಲುತ್ತದೆ. ಬಳಿಕ ಬೆರಳನ್ನು ಕೆಳಗೆಳೆದು ಬೆಳಕು ತಗ್ಗಿಸಿ. ಇದಿಷ್ಟೂ ಇಲ್ಲದವರು ನಿರಾಶರಾಗಬೇಡಿ. ಡಿಸೆಂಬರ್ 31ರಂದು ಕೆಂಪು ಚಂದ್ರನ ಹತ್ತಿರದಲ್ಲೇ ಮಹಾವ್ಯಾಧನ ನಕ್ಷತ್ರಗಳೂ ಹೊಳೆಯುವ ಲುಬ್ಧಕವೂ ಇರುತ್ತವೆ. ನಿಮ್ಮ ಊರಿನ ಗುಡಿಯ ಶಿಖರವನ್ನೋ ಆಲದ ಮರವನ್ನೋ ಕೆಳಗೆ ಸೇರಿಸಿ, ರಾತ್ರಿಯ ಚಿತ್ರಕ್ಕೆಂದೇ ಫೋನಿನಲ್ಲಿರುವ ಏರ್ಪಾಡಿನಲ್ಲಿ ಅಗಲವಾದ ಚಿತ್ರ ತೆಗೆಯಿರಿ. ನನ್ನ ಮಟ್ಟಿಗೆ, ಬರೀ ಚಂದ್ರನ ಚಿತ್ರಕ್ಕಿಂತ ಅದೇ ಮೇಲು.

ಬಣ್ಣ ಕೆಂಪೇಕೆ? ಭೂಮಿಯ ಅಂಚಿನ ಗಾಳಿಯ ಮೂಲಕ ಬಾಗಿ ಹೋಗುವ ಬಿಸಿಲಿನಲ್ಲಿ ನೀಲಿ ಚದುರಿ ಕೆಂಪು ಉಳಿಯುತ್ತದೆ. ಆ ಗಳಿಗೆಯಲ್ಲಿ ಭೂಮಿಯ ಮೇಲೆ ಎಲ್ಲೆಲ್ಲಿ ಮುಂಜಾವು, ಎಲ್ಲೆಲ್ಲಿ ಸಂಜೆಯೋ ಅವೆಲ್ಲದರ ಕೆಂಪೂ ಚಂದ್ರನ ಮೇಲೆ ಬೀಳುತ್ತದೆ. ಗಾಳಿಯಲ್ಲಿ ಧೂಳು ಹೆಚ್ಚಿದ್ದರೆ ಚಂದ್ರ ಇನ್ನೂ ಮಂಕು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಜ್ವಾಲಾಮುಖಿ ಸಿಡಿದ ಮೇಲೆ, 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ಬಹಳ ಕಪ್ಪಾಗಿದ್ದ. ಫ್ರಾನ್ಸಿನ ಖಗೋಳಜ್ಞ ದಾಂಜೋನ್ ಈ ಮಂಕನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಕ್ರಮ ಹಾಕಿಕೊಟ್ಟಿದ್ದಾರೆ. ಬಣ್ಣ ನಿಜವಾಗಿ ಬರಬೇಕಾದರೆ ಕ್ಯಾಮರಾದ ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ ಇಟ್ಟುಬಿಡಿ.

ನಿಜದ ಮಾತು ಬಂದಾಗ ಹೇಳಬೇಕು. ಕೆಲವು ಫೋನುಗಳು ಮಸುಕು ಚಂದ್ರನಿಗೆ ತಾವೇ ಕಲೆ, ಕುಳಿಗಳನ್ನು ತುಂಬಿಕೊಡುತ್ತವೆ ಎಂಬ ದೊಡ್ಡ ಚರ್ಚೆ 2023ರಲ್ಲಿ ನಡೆದಿತ್ತು. ಚಿತ್ರವನ್ನು ತಾನಾಗಿ ಅಂದಗೊಳಿಸುವ ಏರ್ಪಾಡು ನಿಮ್ಮ ಫೋನಿನಲ್ಲಿದ್ದರೆ ಆ ರಾತ್ರಿ ಅದನ್ನು ಆರಿಸಿಡಿ. ಫೋನು ಬರೆದ ಚಂದ್ರನಿಂದ ನಮಗೇನೂ ತಿಳಿಯುವುದಿಲ್ಲ. ನೀವು ಹಿಡಿದ ಚಂದ್ರ ಸ್ವಲ್ಪ ಮಸುಕಾಗಿದ್ದರೂ ಅದರಲ್ಲಿ ಒಂದು ದೊಡ್ಡ ಲೆಕ್ಕ ಅಡಗಿದೆ.

ಅರ್ಧ ಗ್ರಹಣದ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿ. ನೆರಳಿನ ಅಂಚು ಬಾಗಿರುವುದು ಕಾಣುತ್ತದೆ. ಆ ಬಾಗಿನ ಮೇಲೆ ಮೂರು ಚುಕ್ಕೆ ಇಟ್ಟು, ಶಾಲೆಯಲ್ಲಿ ಕಲಿತಂತೆ ಜ್ಯಾಗಳ ಲಂಬಾರ್ಧಕ ಎಳೆದು ಕೇಂದ್ರ ಹುಡುಕಿ, ಕೈವಾರದಿಂದ ವೃತ್ತ ಪೂರ್ಣಮಾಡಿ. ಅದೇ ಭೂಮಿಯ ನೆರಳು. ನೆರಳಿನ ಅಂಚು ಮಬ್ಬಾಗಿರುವುದರಿಂದ ಅಳತೆ ತುಸು ಆಚೀಚೆಯಾದೀತು. ಆದರೂ ವೃತ್ತದ ಅಗಲ ಚಂದ್ರನ ಅಗಲದ ಎರಡೂವರೆ ಪಟ್ಟಿಗೆ ಸ್ವಲ್ಪ ಮೇಲೆ ಬರಬೇಕು. ಈ ನೆರಳು ಭೂಮಿಯಿಂದ ಚಂದ್ರನವರೆಗೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಚಂದ್ರನಷ್ಟು ಸಣ್ಣದಾಗಿರುತ್ತದೆ. ಅದನ್ನು ಕೂಡಿಸಿದರೆ ಭೂಮಿಯ ಅಗಲ ಮೂರೂವರೆ ಚಂದ್ರರಿಗೂ ಸ್ವಲ್ಪ ಹೆಚ್ಚು. ನಿಜವಾದ ಲೆಕ್ಕ 3.67. ಗ್ರೀಸಿನ ಅರಿಸ್ಟಾರ್ಕಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ನೆರಳು ಎರಡು ಚಂದ್ರರಷ್ಟು ಎಂದು ಎಣಿಸಿದ್ದ. ನಿಮ್ಮ ಮನೆಯ ಹುಡುಗಿ ಫೋನಿನಲ್ಲಿ ಅವನಿಗಿಂತ ಹತ್ತಿರ ಬರಬಲ್ಲಳು.

ಆದರೆ ಹುಡುಗಿಯನ್ನು ಅಂಗಳಕ್ಕೆ ಬಿಡಬೇಕಲ್ಲ! ಹಲವು ಮನೆಗಳಲ್ಲಿ ಗ್ರಹಣದ ಹೊತ್ತು ಬಾಗಿಲು ಮುಚ್ಚುತ್ತಾರೆ. ಊಟ, ಸ್ನಾನ, ಜಪದ ವಿಚಾರ ಅವರವರ ಮನೆಯದು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಕಣ್ಣಿನ ವಿಚಾರ ಹೇಳಬಲ್ಲೆ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದು, ಅದು ನಿಜವಾದ ಅಪಾಯ. ಚಂದ್ರಗ್ರಹಣದಲ್ಲಿ ನೋಡುವುದು ಹುಣ್ಣಿಮೆಗಿಂತ ಕಡಿಮೆ ಬೆಳಕನ್ನು. ಕಣ್ಣಿಗೆ ಯಾವ ಹಾನಿಯೂ ಇಲ್ಲ, ದುರ್ಬೀನಿನಲ್ಲಿ ನೋಡಿದರೂ ಇಲ್ಲ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳೆಂದು ಆರ್ಯಭಟನೇ ಹದಿನೈದು ಶತಮಾನಗಳ ಹಿಂದೆ ಬರೆದಿಟ್ಟಿದ್ದಾನೆ. ಅಜ್ಜಿಯನ್ನೂ ಅಂಗಳಕ್ಕೆ ಕರೆದು ಕುರ್ಚಿ ಹಾಕಿಕೊಡಿ. ನೀಲಗಿರಿಯವರು ಕಂಬಳಿಯ ಜೊತೆಗೆ ಒಣಬಟ್ಟೆಯನ್ನೂ ಇಟ್ಟುಕೊಳ್ಳಿ, ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ.

ಅಭ್ಯಾಸಕ್ಕೆ ಯಾವ ಹುಣ್ಣಿಮೆಯಾದರೂ ಆದೀತು. ಈಗ ಪೆನ್ನು ಹಿಡಿದವರು ಬರೆದುಕೊಳ್ಳಿ: 2028ರ ಡಿಸೆಂಬರ್ 31, ನೆರಳು ತಾಗುವುದು ರಾತ್ರಿ 8 ಗಂಟೆ 37 ನಿಮಿಷಕ್ಕೆ, ಪೂರ್ತಿ ಮುಳುಗುವುದು 9 ಗಂಟೆ 46ಕ್ಕೆ, ನಡುವೇಳೆ 10 ಗಂಟೆ 22, ಕೆಂಪು ಕಳೆದು ಅಂಚು ಬೆಳಗುವುದು 10 ಗಂಟೆ 58ಕ್ಕೆ, ಗ್ರಹಣ ಬಿಡುವುದು ನಡುರಾತ್ರಿ ಕಳೆದು 12 ಗಂಟೆ 6 ನಿಮಿಷಕ್ಕೆ.